ಮನೆಯಲ್ಲುಳಿದ ತಂದೆ

ಹೆಂಡತಿಯ ಮಾತಿಗೆ ತಲೆಯಾಡಿಸುವವನನ್ನು ನಮ್ಮ ಜನ ‘ಅಮ್ಮಾವ್ರ ಗಂಡ’ ಎಂದು ಹಂಗಿಸುತ್ತಾರೆ. ಕೈಲಾಸಂ ಆ ಹೆಸರಿನಲ್ಲೊಂದು ನಾಟಕ ಬರೆದರು. 1997ರಲ್ಲಿ ಫಣಿ ರಾಮಚಂದ್ರರ ಚಿತ್ರವೊಂದು ಅದೇ ಹೆಸರಿನಿಂದ ಬಂತು. (ಅದರ ನಾಯಕಿ ಭಾಗ್ಯಶ್ರೀ ನಮ್ಮ ನೆರೆಯ ಸಾಂಗಲಿಯ ಪಟವರ್ಧನ ಮನೆತನದವರು.) ಅಮೆರಿಕದವರ ಹಂಗಿಕೆಯೂ ಬೇರೆಯಲ್ಲ. ಜಾನ್ ಹ್ಯೂಸ್ ಬರೆದು ಸ್ಟ್ಯಾನ್ ಡ್ರಾಗೋಟಿ ನಿರ್ದೇಶಿಸಿದ 1983ರ ಹಾಸ್ಯಚಿತ್ರದ ಹೆಸರೇ ‘ಮಿಸ್ಟರ್ ಮಾಮ್’, ಅಂದರೆ ಶ್ರೀಮಾನ್ ಅಮ್ಮ.

ಡೆಟ್ರಾಯಿಟ್‌ನ ಕಾರು ಎಂಜಿನಿಯರ್ ಜ್ಯಾಕ್ ಕೆಲಸ ಕಳೆದುಕೊಳ್ಳುತ್ತಾನೆ. ಹೆಂಡತಿ ಕ್ಯಾರೊಲೈನ್‌ಗೆ ಜಾಹೀರಾತು ಸಂಸ್ಥೆಯಲ್ಲಿ ನೌಕರಿ ದೊರೆಯುತ್ತದೆ. ಮೂವರು ಮಕ್ಕಳು ಅವನ ಪಾಲಿಗೆ. ಬಟ್ಟೆ ಒಗೆಯುವ ಯಂತ್ರ ಹುಚ್ಚೆದ್ದು ಕುಣಿದಾಗ ಎಲ್ಲರೊಡನೆ ನಾವೂ ನಕ್ಕೆವು. ಅದೇ ಕೆಲಸವನ್ನು ಕ್ಯಾರೊಲೈನ್ ಮಾಡುತ್ತಿದ್ದಾಗ ಯಾರೂ ನಕ್ಕಿರಲಿಲ್ಲ, ಮೆಚ್ಚಿಯೂ ಇರಲಿಲ್ಲ. ನಮ್ಮನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ದೃಶ್ಯ. ಹಳೆಯ ಹೊದಿಕೆಯೊಂದನ್ನು ಬಿಟ್ಟಿರಲಾರದ ಮಗನನ್ನು ಜ್ಯಾಕ್ ಎದುರು ಕೂರಿಸಿಕೊಂಡು, ದೊಡ್ಡವರೊಡನೆ ಮಾತಾಡುವ ಗಾಂಭೀರ್ಯದಿಂದ ಒಪ್ಪಿಸುತ್ತಾನೆ. ಹೊದಿಕೆ ಕೊಟ್ಟ ಹುಡುಗ, ತುಸು ಹೊತ್ತು ತನ್ನನ್ನು ಒಂಟಿಯಾಗಿ ಬಿಡಬೇಕೆಂದು ಕೇಳುತ್ತಾನೆ. ಮೈಕೆಲ್ ಕೀಟನ್ ಅಲ್ಲಿ ಬರಿಯ ವಿದೂಷಕನಲ್ಲ, ತಂದೆ.

ಕೊನೆಯಲ್ಲಿ ಹಳೆಯ ನೌಕರಿ ಮರಳಿ ಬರುತ್ತದೆ. ಚಿತ್ರ ತಾನೆತ್ತಿದ ಪ್ರಶ್ನೆಯಿಂದ ನುಣುಚಿಕೊಳ್ಳುತ್ತದೆ. ಇಚಲಕರಂಜಿಯವರಾದ ನಮಗೆ ಈ ಸುಲಭದ ಮುಕ್ತಾಯ ರುಚಿಸದು. ಮಗ್ಗ ನಿಂತ ವಾರಗಳಲ್ಲಿ ಮನೆಯಲ್ಲುಳಿದ ಗಂಡಸರನ್ನು ನಾವು ಬಲ್ಲೆವು. ಯಾರಾದರೂ ಬಂದರೆ ಅವರು ಕೈಯಲ್ಲಿದ್ದ ಕಸಬರಿಗೆಯನ್ನು ಬಾಗಿಲ ಹಿಂದೆ ಸರಿಸುತ್ತಾರೆ. ಒಳಗೆ ಮಗಳ ಜಡೆ ಹೆಣೆದು ಮುಗಿದಿರುತ್ತದೆ, ಶಾಲೆಯ ಡಬ್ಬಿಯೂ ತುಂಬಿರುತ್ತದೆ.