ಇಂಗ್ಲಿಷ್ ಪದಸಂಪತ್ತೂ ಕಾವ್ಯವ್ಯಾಸಂಗವೂ

ಇಂಗ್ಲಿಷ್ ಭಾಷೆಯಲ್ಲಿ ಪ್ರೌಢವಾದ ಪದಸಂಪತ್ತನ್ನು ಗಳಿಸಬೇಕೆಂಬ ಹಂಬಲವು ಇಂದು ನಮ್ಮ ವಿದ್ಯಾವಂತ ಕುಟುಂಬಗಳಲ್ಲಿ ಮನೆಮನೆಗೂ ಹಬ್ಬಿದೆ. ಸ್ಪರ್ಧಾಪರೀಕ್ಷೆಗೆ ಕೂಡುವ ಮಗನಿಗೂ ಪರದೇಶದ ವಿದ್ಯಾಪೀಠಕ್ಕೆ ಹೋಗಬೇಕೆಂದಿರುವ ಮಗಳಿಗೂ ಹಿರಿಯರು ಕೊಡುವ ಉಪದೇಶವು ಒಂದೇ: “ಒಳ್ಳೆಯ ಇಂಗ್ಲಿಷ್ ಕಾದಂಬರಿಗಳನ್ನು ಓದು, ಕಠಿನವಾದ ಶಬ್ದಗಳನ್ನು ಪಟ್ಟಿಮಾಡಿ ಬಾಯಿಪಾಠಮಾಡು.” ಈ ಉಪದೇಶದ ಪೂರ್ವಾರ್ಧವು ಸರ್ವಥಾ ಗ್ರಾಹ್ಯವಾದುದು. ಉತ್ತರಾರ್ಧವಾದರೋ ಪೂರ್ವಾರ್ಧದ ಫಲವನ್ನೇ ಕೆಡಿಸತಕ್ಕದ್ದು. ಅದು ಹೇಗೆಂಬುದನ್ನು ಉದಾಹರಣಪೂರ್ವಕವಾಗಿ ವಿಚಾರಮಾಡುವುದೇ ಈ ಲೇಖನದ ಉದ್ದೇಶ.

ಶಬ್ದಕ್ಕೂ ಅರ್ಥಕ್ಕೂ ಇರುವ ಸಂಬಂಧವನ್ನು ತಿಳಿಯುವುದಕ್ಕೆ ನಮ್ಮ ಶಾಸ್ತ್ರಕಾರರು ಶಕ್ತಿಗ್ರಹವೆಂದು ಹೆಸರಿಟ್ಟರು. ನ್ಯಾಯಸಿದ್ಧಾಂತಮುಕ್ತಾವಳಿಯನ್ನು ಪಾಠಶಾಲೆಯಲ್ಲಿ ಓದಿದವರಿಗೆಲ್ಲ ಇದರ ಎಂಟು ಸಾಧನಗಳು ನೆನಪಿನಲ್ಲಿರುತ್ತವೆ: ವ್ಯಾಕರಣ, ಉಪಮಾನ, ಕೋಶ, ಆಪ್ತವಾಕ್ಯ, ವ್ಯವಹಾರ, ವಾಕ್ಯಶೇಷ, ವಿವೃತಿ, ಸಿದ್ಧಪದಸಾನ್ನಿಧ್ಯ. ಮುಂದಿನ ಮಾತಿನಿಂದ ಹಿಂದಿನ ಪದವು ತಿಳಿಯಾಗುವುದು ವಾಕ್ಯಶೇಷ. ಅದೇ ಅರ್ಥವನ್ನು ಬೇರೆ ಮಾತಿನಿಂದ ಬಿಡಿಸಿ ಹೇಳುವುದು ವಿವೃತಿ. ಗೊತ್ತಿರುವ ಪದಗಳ ನೆರೆಯಲ್ಲಿದ್ದು ಗೊತ್ತಿಲ್ಲದ ಪದವು ಅರ್ಥವಾಗುವುದು ಸಿದ್ಧಪದಸಾನ್ನಿಧ್ಯ. ಮಾವಿನ ಮರದಲ್ಲಿ ಕುಳಿತು ಪಿಕವು ಇಂಪಾಗಿ ಕೂಗುತ್ತಿದೆ ಎಂದರೆ, ಪಿಕವೆಂಬುದು ಕೋಗಿಲೆಯೆಂದು ನಿಘಂಟನ್ನು ತೆರೆಯದೆಯೇ ತಿಳಿಯುವುದಷ್ಟೆ. ಇವುಗಳಲ್ಲಿ ಕೋಶವು ಎಂಟರಲ್ಲಿ ಒಂದುಮಾತ್ರ. ಪದಗಳ ಪಟ್ಟಿಯನ್ನು ನೆಚ್ಚಿದವನು ಆ ಒಂದನ್ನು ಹಿಡಿದು ಉಳಿದೇಳನ್ನು ಕೈಬಿಟ್ಟವನಾಗುತ್ತಾನೆ.

ಈ ಎಂಟರಲ್ಲಿಯೂ ಮುಖ್ಯವಾದುದು ವ್ಯವಹಾರ. ಹಿರಿಯನೊಬ್ಬನು ಇನ್ನೊಬ್ಬನಿಗೆ ಹಸುವನ್ನು ತರಹೇಳುತ್ತಾನೆ, ಅವನು ತರುತ್ತಾನೆ. ಮತ್ತೊಮ್ಮೆ ಹಸುವನ್ನು ಕಟ್ಟಿ ಕುದುರೆಯನ್ನು ತರಹೇಳುತ್ತಾನೆ. ಅವನು ಹಾಗೆಯೇ ಮಾಡುತ್ತಾನೆ. ಪಕ್ಕದಲ್ಲಿರುವ ಮಗುವು ಒಂದು ಪದ ಹೋಗಿ ಇನ್ನೊಂದು ಬಂದಾಗ ಕೆಲಸದಲ್ಲಿ ಏನು ಬದಲಾಯಿತೆಂಬುದನ್ನು ನೋಡಿ ಒಂದೊಂದು ಪದದ ಅರ್ಥವನ್ನೂ ಬೇರ್ಪಡಿಸಿಕೊಳ್ಳುತ್ತದೆ. ನಾವೆಲ್ಲರೂ ಕನ್ನಡವನ್ನು ಕಲಿತದ್ದು ಹೀಗೆಯೇ. ಆದರೆ ನಮ್ಮಲ್ಲಿ ಬಹುಮಂದಿಯ ಮನೆಗಳಲ್ಲಿ ಇಂಗ್ಲಿಷಿನ ವೃದ್ಧವ್ಯವಹಾರವಿಲ್ಲ. ಕಛೇರಿಯಲ್ಲಿಯೂ ತರಗತಿಯಲ್ಲಿಯೂ ಕೇಳುವ ಇಂಗ್ಲಿಷು ಕೆಲವೇ ವಿಷಯಗಳಿಗೆ ಮೀಸಲಾದುದು. ಕೋಪ, ಸರಸ, ಸಂಕೋಚ, ಮುಖಸ್ತುತಿ, ಅನುತಾಪ ಮೊದಲಾದವುಗಳನ್ನು ಆ ಭಾಷೆಯವರು ತಮ್ಮೊಳಗೆ ಹೇಗೆ ನುಡಿಯುತ್ತಾರೆಂಬುದನ್ನು ನಾವು ಕೇಳುವುದೆಲ್ಲಿ? ಕಾದಂಬರಿಯಲ್ಲಿ ಮತ್ತು ನಾಟಕದಲ್ಲಿ. ಕಾದಂಬರಿಯು ನಮಗೆ ಇಂಗ್ಲಿಷ್ ಮನೆಯೊಂದರ ಜಗಲಿ; ಅಲ್ಲಿ ಕುಳಿತು ಹಿರಿಯರ ಮಾತುಕತೆಯನ್ನು ಕೇಳಬಹುದು.

ಇಲ್ಲಿ ಒಂದು ಪೂರ್ವಪಕ್ಷವುಂಟು. “ಕಾದಂಬರಿಯನ್ನು ಓದಲು ತಿಂಗಳುಗಳು ಬೇಕು, ಪರೀಕ್ಷೆಯು ಹತ್ತಿರ ಬಂದಿದೆ. ಫೋನಿನಲ್ಲಿ ಬೆರಳಿಟ್ಟರೆ ಅರ್ಥವು ಕ್ಷಣದಲ್ಲಿ ಬರುವಾಗ ಈ ಸುತ್ತುದಾರಿಯೇಕೆ?” ಎಂದು ಕೇಳುವರು. ಪರೀಕ್ಷೆಯ ಅವಸರವನ್ನು ಅಲ್ಲಗಳೆಯಲಾಗದು. ಆ ಮಟ್ಟಿಗೆ ಪಟ್ಟಿಯೂ ಉಪಯೋಗಕ್ಕೆ ಬರುತ್ತದೆ. ಆದರೆ ಪಟ್ಟಿಯು ಕೊಡುವುದು ಪದದ ಅರ್ಥವನ್ನು. ಆ ಪದವನ್ನು ಯಾರು, ಯಾರಿಗೆ, ಯಾವ ಭಾವದಿಂದ ಆಡುತ್ತಾರೆಂಬುದನ್ನು ಅದು ಕೊಡಲಾರದು. ಪ್ರೌಢಪದಗಳ ಜೀವವಿರುವುದು ಈ ಎರಡನೆಯದರಲ್ಲಿಯೇ. ಕೆಲವು ಉದಾಹರಣೆಗಳನ್ನು ನೋಡೋಣ.

ಜೇನ್ ಆಸ್ಟೆನ್ ಎಂಬಾಕೆಯ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಕಾದಂಬರಿಯು ೧೮೧೩ರಲ್ಲಿ ಪ್ರಕಟವಾಯಿತು. ಅದರಲ್ಲಿ ಕಾಲಿನ್ಸ್ ಎಂಬ ಪಾದ್ರಿಯೊಬ್ಬನಿದ್ದಾನೆ. ತನಗೆ ಆಶ್ರಯವಿತ್ತ ಲೇಡಿ ಕ್ಯಾಥೆರಿನ್ ಎಂಬ ಸಿರಿವಂತೆಯನ್ನು ಹೊಗಳುವಾಗ ಅವನು ‘ಕಾಂಡಿಸೆನ್ಷನ್’ ಎಂಬ ಪದವನ್ನು ಬಳಸುತ್ತಾನೆ. ಇಂದಿನ ಪಟ್ಟಿಗಳಲ್ಲಿ ಇದಕ್ಕೆ, ತಾನು ಮೇಲಿನವನೆಂಬ ಗರ್ವದಿಂದ ಇತರರನ್ನು ಕೀಳಾಗಿ ನಡೆಸುವುದು ಎಂಬ ಅರ್ಥವಿರುವುದು. ಕಾಲಿನ್ಸನ ಕಾಲದಲ್ಲಿ ಅದು ಪ್ರಶಂಸೆಯ ಮಾತು: ದೊಡ್ಡವರು ದೊಡ್ಡಸ್ತಿಕೆಯನ್ನು ಬದಿಗಿಟ್ಟು ಸಣ್ಣವರೊಡನೆ ಬೆರೆಯುವ ಗುಣ. ದೇವರು ಮನುಷ್ಯರ ಮಟ್ಟಕ್ಕೆ ಇಳಿದುಬರುವ ಕೃಪೆಯನ್ನೂ ಕ್ರೈಸ್ತಪಂಡಿತರು ಇದೇ ಪದದಿಂದ ಹೇಳಿದರು. ನಮ್ಮ ಶ್ರೀವೈಷ್ಣವಾಚಾರ್ಯರು ಭಗವಂತನಿಗೆ ಹೇಳುವ ಸೌಶೀಲ್ಯವೆಂಬ ಗುಣಕ್ಕೆ ಇದು ಬಹಳ ಸಮೀಪವಾದುದು. ಕಾಲಿನ್ಸನು ಮನಸಾರ ಹೊಗಳುತ್ತಾನೆ. ಆದರೆ ಆ ದೊಡ್ಡಮ್ಮನು ಎದುರಿಗೆ ಬಂದು ಎಲ್ಲರನ್ನೂ ಗದರಿಸತೊಡಗಿದಾಗ ಓದುಗನಿಗೆ ನಗು ಬರುತ್ತದೆ. ಹೊಗಳಿಕೆಯ ಮಾತೊಂದು ಮುಂದೆ ನಿಂದೆಯ ಮಾತಾಗಿ ಮಾರ್ಪಟ್ಟುದು ಹೇಗೆಂಬುದು ಆ ನಗೆಯಲ್ಲಿಯೇ ಹೊಳೆಯುತ್ತದೆ. ನಿಘಂಟಿನಲ್ಲಿ ಬೇರೆಬೇರೆಯಾಗಿ ನಿಂತ ಎರಡು ಅರ್ಥಗಳ ನಡುವಣ ದಾರಿಯನ್ನು ಕಾದಂಬರಿಯು ತೋರಿಸಿಕೊಟ್ಟಿತು.

ಅದೇ ಲೇಖಕಿಯ ‘ಎಮ್ಮಾ’ ಎಂಬ ಕಾದಂಬರಿಯು ೧೮೧೫ರ ಕೊನೆಯಲ್ಲಿ ಹೊರಬಂದಿತು. ಅದರಲ್ಲಿ ನೈಟ್ಲಿ ಎಂಬ ವಿವೇಕಿಯು ಒಬ್ಬ ತರುಣನ ವಿಷಯವಾಗಿ ಆಡುವ ಮಾತು ಶಬ್ದವಿಮರ್ಶೆಗೆ ಮಾದರಿಯಾದುದು. ಆ ತರುಣನು ‘ಏಮಿಯಬಲ್’ ಎನಿಸಿಕೊಳ್ಳುವುದು ಫ್ರೆಂಚರ ಅರ್ಥದಲ್ಲಿಯೇ ಹೊರತು ಇಂಗ್ಲಿಷರ ಅರ್ಥದಲ್ಲಿ ಅಲ್ಲವೆನ್ನುತ್ತಾನೆ ನೈಟ್ಲಿ. ನಯವಾದ ನಡೆನುಡಿಯಿದ್ದರೆ ಫ್ರೆಂಚರಿಗೆ ಸಾಕು. ಇತರರ ಮನಸ್ಸು ನೋಯದಂತೆ ನಡೆಯುವ ಅಂತಃಕರಣವೂ ಇರಬೇಕೆಂಬುದು ಇಂಗ್ಲಿಷಿನ ಪದದ ತಾತ್ಪರ್ಯವೆಂದು ಅವನ ಅಭಿಪ್ರಾಯ. ಇದು ವಿವೃತಿ. ಇದರಲ್ಲಿ ಇನ್ನೊಂದು ಸ್ವಾರಸ್ಯವೂ ಇದೆ. ನೈಟ್ಲಿಯ ಈ ಕಟುವಾದ ವಿಮರ್ಶೆಗೆ, ಎಮ್ಮಾಳ ಮನಸ್ಸು ಆ ತರುಣನ ಕಡೆಗೆ ತಿರುಗೀತೆಂಬ ಅಸೂಯೆಯೂ ಕಾರಣವೆಂಬುದು ಕಥೆಯು ಮುಂದುವರಿದಂತೆ ತಿಳಿಯುತ್ತದೆ. ಅರ್ಥವನ್ನು ಹೇಳುವವನ ಹೃದಯವನ್ನೂ ಜೊತೆಯಲ್ಲಿಯೇ ತೋರಿಸುವ ನಿಘಂಟು ಯಾವುದಿದೆ?

ಇನ್ನು ಚಾರ್ಲ್ಸ್ ಡಿಕನ್ಸನು ೧೮೪೯ರಿಂದ ೧೮೫೦ರವರೆಗೆ ಕಂತುಕಂತಾಗಿ ಪ್ರಕಟಿಸಿದ ‘ಡೇವಿಡ್ ಕಾಪರ್‌ಫೀಲ್ಡ್’ಗೆ ಬರೋಣ. ಅದರಲ್ಲಿಯ ಮಿಕಾಬರನು ಸಾಲದಲ್ಲಿ ಮುಳುಗಿ ಸೆರೆಮನೆಯನ್ನೂ ಕಂಡವನು. ಆದರೆ ಮಾತಿನಲ್ಲಿ ಮಾತ್ರ ಕುಬೇರ. ಸಾಮಾನ್ಯವಾದ ಸಂಗತಿಯನ್ನು ಗುಡುಗಿನಂತಹ ಪದಗಳಿಂದ ಆರಂಭಿಸಿ, ನಡುವೆ ದಾರಿ ತಪ್ಪಿ, ಕೊನೆಗೆ ‘ಸಂಕ್ಷೇಪವಾಗಿ ಹೇಳುವುದಾದರೆ’ ಎಂದು ನಿಲ್ಲಿಸಿ, ಅದನ್ನೇ ಎರಡು ಸಣ್ಣ ಮಾತುಗಳಲ್ಲಿ ಹೇಳಿಬಿಡುತ್ತಾನೆ. ತನ್ನ ಮೂಲಕ್ಕೆ ತಾನೇ ಟೀಕೆಯನ್ನು ಬರೆದಂತಾಯಿತು! ಪದವನ್ನು ಕಲಿಯುವವನಿಗೆ ಇವನಿಗಿಂತ ಒಳ್ಳೆಯ ಗುರುವಿಲ್ಲ. ಅನುಕರಿಸುವವನಿಗೆ ಇವನಿಗಿಂತ ಅಪಾಯಕಾರಿಯಾದ ಗುರುವಿಲ್ಲ. ಮಿಕಾಬರನ ಪತ್ರಗಳಿಂದ ಶಬ್ದಗಳನ್ನಾರಿಸಿ ಪಟ್ಟಿಮಾಡಿಕೊಂಡ ವಿದ್ಯಾರ್ಥಿಯು ರಜೆಯ ಅರ್ಜಿಯನ್ನೂ ಮಿಕಾಬರನ ಧಾಟಿಯಲ್ಲಿ ಬರೆಯುವನು. ಆಡಂಬರದ ಇಂಗ್ಲಿಷೆಂದು ಪರರು ನಮ್ಮವರನ್ನು ಹಾಸ್ಯಮಾಡುವುದಕ್ಕೆ ಒಂದು ಕಾರಣವು ಇದೇ: ಪದವನ್ನು ತೆಗೆದುಕೊಂಡೆವು, ಪಾತ್ರವನ್ನು ಬಿಟ್ಟೆವು.

ಪಾತ್ರವನ್ನರಿಯದ ಪದಜ್ಞಾನದ ಗತಿಯನ್ನು ಇಂಗ್ಲಿಷರೇ ರಂಗದ ಮೇಲೆ ತಂದು ನಕ್ಕಿದ್ದಾರೆ. ಶೆರಿಡನ್ ಕವಿಯ ‘ದಿ ರೈವಲ್ಸ್’ ನಾಟಕವು ೧೭೭೫ರಲ್ಲಿ ಲಂಡನ್ನಿನಲ್ಲಿ ಪ್ರಯೋಗವಾಯಿತು. ಅದರಲ್ಲಿ ಮ್ಯಾಲಪ್ರಾಪ್ ಎಂಬಾಕೆಯು ದೊಡ್ಡ ಪದಗಳ ಮೋಹದಿಂದ ಒಂದನ್ನು ಹೇಳಹೋಗಿ ಇನ್ನೊಂದನ್ನು ಹೇಳುತ್ತಾಳೆ. ಮೊಸಳೆಯ ಜಾತಿಯಾದ ‘ಅಲಿಗೇಟರ್’ ಎನ್ನಬೇಕಾದಲ್ಲಿ ರೂಪಕಕಥೆಯೆಂದು ಅರ್ಥವಾಗುವ ‘ಅಲೆಗೊರಿ’ ಎಂದುಬಿಡುತ್ತಾಳೆ. ಆಕೆಯ ಹೆಸರು ಬಂದದ್ದು ಅನುಚಿತವೆಂಬರ್ಥದ ಫ್ರೆಂಚ್ ಮಾತಿನಿಂದ. ಹನ್ನೊಂದನೆಯ ಶತಮಾನದ ಕಾಶ್ಮೀರದಲ್ಲಿ ಕ್ಷೇಮೇಂದ್ರನು ಔಚಿತ್ಯವನ್ನು ಕಾವ್ಯದ ಜೀವಿತವೆಂದು ಸಾರಿ, ಔಚಿತ್ಯದ ನೆಲೆಗಳನ್ನು ಎಣಿಸುವಾಗ ಪದವನ್ನೇ ಮೊದಲಿಗಿಟ್ಟನು. ಶೆರಿಡನ್ನನು ನಗೆಯಿಂದ ತೋರಿಸಿದುದೂ ಪದೌಚಿತ್ಯದ ಅಭಾವವನ್ನೇ.

ನುಡಿಗಟ್ಟುಗಳ ವಿಷಯದಲ್ಲಿ ಈ ಎಚ್ಚರವು ಇನ್ನೂ ಹೆಚ್ಚಾಗಿ ಬೇಕು. ಷೇಕ್ಸ್‌ಪಿಯರನ ಹ್ಯಾಮ್ಲೆಟ್ಟನು, ಅರಸನು ರಾತ್ರಿಯಲ್ಲಿ ಭೇರಿ ತುತ್ತೂರಿಗಳನ್ನು ಮೊಳಗಿಸಿ ಕುಡಿಯುವ ಪದ್ಧತಿಯನ್ನು ನಿಂದಿಸುತ್ತ, ಅದನ್ನು ಪಾಲಿಸುವುದಕ್ಕಿಂತ ಮುರಿಯುವುದೇ ಹೆಚ್ಚು ಮಾನವೆಂಬ ಅರ್ಥದ ಮಾತನ್ನಾಡುತ್ತಾನೆ. ಇಂದು ಅದೇ ಮಾತನ್ನು, ಪಾಲನೆಗಿಂತ ಉಲ್ಲಂಘನೆಯೇ ಹೆಚ್ಚಾಗಿರುವ ಒಳ್ಳೆಯ ನಿಯಮಗಳಿಗೆ ಹೇಳುವುದು ವಾಡಿಕೆಯಾಗಿದೆ. ಒಂದು ಕೆಟ್ಟ ಪದ್ಧತಿಯ ನಿಂದೆ. ಇನ್ನೊಂದು ಒಳ್ಳೆಯ ನಿಯಮಕ್ಕಾದ ಗತಿಯ ವ್ಯಸನ. ನಾಟಕವನ್ನೋದಿದವನಿಗೆ ಎರಡೂ ತಿಳಿದಿರುತ್ತವೆ. ಪಟ್ಟಿಯನ್ನೋದಿದವನಿಗೆ ಎರಡಿವೆಯೆಂಬುದೇ ತಿಳಿದಿರುವುದಿಲ್ಲ.

ಹಾಗಾದರೆ ನಿಘಂಟು ಬೇಡವೆ? ಬೇಕು. ಆದರೆ ನಿಘಂಟು ಹುಟ್ಟಿದುದೂ ಕಾವ್ಯವ್ಯಾಸಂಗದಿಂದಲೇ ಎಂಬುದನ್ನು ಮರೆಯಲಾಗದು. ಜಾನ್ಸನ್ ಪಂಡಿತನು ೧೭೫೫ರಲ್ಲಿ ಹೊರತಂದ ಕೋಶದಲ್ಲಿ ಗ್ರಂಥಗಳಿಂದ ಆಯ್ದ ಪ್ರಯೋಗಗಳು ಲಕ್ಷಕ್ಕೂ ಮಿಕ್ಕಿವೆ. ೧೮೮೪ರಿಂದ ಸಂಚಿಕೆಗಳಾಗಿ ಹೊರಟು ೧೯೨೮ರಲ್ಲಿ ಪೂರ್ಣವಾದ ಆಕ್ಸ್‌ಫರ್ಡಿನ ಮಹಾಕೋಶಕ್ಕಾಗಿ, ಸಂಬಳವಿಲ್ಲದ ಸಾವಿರಾರು ಓದುಗರು ಪುಸ್ತಕಗಳನ್ನೋದಿ, ಪದವಿರುವ ವಾಕ್ಯವನ್ನು ಚೀಟಿಗಳಲ್ಲಿ ಬರೆದು ಕಳುಹಿಸಿದರು. ನಮ್ಮ ಕಿಟ್ಟೆಲ್ ಪಂಡಿತರ ೧೮೯೪ರ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿಯೂ ಕಾವ್ಯಪ್ರಯೋಗಗಳೂ ಗಾದೆಗಳೂ ಹೆಜ್ಜೆಹೆಜ್ಜೆಗೆ ಕಾಣುತ್ತವೆ. ಇವರಾರೂ ಒಂಟಿಪದವನ್ನು ನಂಬಲಿಲ್ಲ. ವಾಕ್ಯದೊಡನೆಯೇ ಪದವನ್ನು ಬರೆದುಕೊಂಡರು. ನಮ್ಮ ವಿದ್ಯಾರ್ಥಿಗಳೂ ಹಾಗೆಯೇ ಮಾಡಲಿ.

ಇದಕ್ಕೆ ನನಗೆ ತೋರಿದ ಕ್ರಮವಿದು. ಮೊದಲನೆಯ ಓದು ಕಥೆಗಾಗಿ. ಆಗ ನಿಘಂಟು ಮುಚ್ಚಿರಲಿ. ಗೊತ್ತಿಲ್ಲದ ಪದವನ್ನು ವಾಕ್ಯಶೇಷದಿಂದಲೂ ನೆರೆಯ ಪದಗಳಿಂದಲೂ ಊಹಿಸಬೇಕು. ಎರಡನೆಯ ಓದಿನಲ್ಲಿ ಟಿಪ್ಪಣಿಯ ಪುಸ್ತಕವಿರಲಿ. ಅದರಲ್ಲಿ ಪದದ ಮುಂದೆ ಅರ್ಥವನ್ನು ಬರೆಯುವುದಕ್ಕೆ ಮೊದಲು, ಅದನ್ನು ಆಡಿದವರು ಯಾರು, ಕೇಳಿದವರು ಯಾರು, ಸಂದರ್ಭವೇನು ಎಂಬುದನ್ನು ಬರೆಯಬೇಕು. ಅನಂತರ ನಿಘಂಟನ್ನು ತೆರೆದು ಊಹೆಯನ್ನು ಪರೀಕ್ಷಿಸಬೇಕು. ಕೊನೆಯದಾಗಿ, ಹಳೆಯ ಗ್ರಂಥದ ಪದವನ್ನು ತಾನು ಬಳಸುವ ಮೊದಲು ಇಂದಿನ ಒಳ್ಳೆಯ ಲೇಖಕರು ಅದನ್ನು ಅದೇ ಅರ್ಥದಲ್ಲಿ ಬಳಸುವರೋ ಇಲ್ಲವೋ ನೋಡಬೇಕು.

ಆರಂಭಕ್ಕೆ ಆಸ್ಟೆನ್, ಡಿಕನ್ಸರೇ ಬೇಕೆಂದಿಲ್ಲ. ಮೈಸೂರಿನಲ್ಲಿ ಬಾಳಿದ ಆರ್. ಕೆ. ನಾರಾಯಣರ ‘ಸ್ವಾಮಿ ಅಂಡ್ ಫ್ರೆಂಡ್ಸ್’ (೧೯೩೫) ಇದೆ. ಅದರಲ್ಲಿಯ ಅಜ್ಜಿ, ಶಾಲೆ, ಬೀದಿ ಎಲ್ಲವೂ ನಮಗೆ ಗೊತ್ತಿದ್ದವೇ ಆದುದರಿಂದ ಪುಸ್ತಕಕ್ಕೆ ಪುಸ್ತಕವೇ ಸಿದ್ಧಪದಸಾನ್ನಿಧ್ಯವಾಗುತ್ತದೆ. ಸಣ್ಣ ಮಾತುಗಳಿಂದಲೂ ಪ್ರೌಢವಾದ ಇಂಗ್ಲಿಷನ್ನು ಬರೆಯಬಹುದೆಂಬ ಪಾಠವೂ ಅಲ್ಲಿ ದೊರೆಯುತ್ತದೆ.

ಕಡೆಯಲ್ಲಿ ಹೇಳತಕ್ಕ ಮಾತೊಂದಿದೆ. ಪದಗಳಿಗಾಗಿಯೇ ಕಾದಂಬರಿಯನ್ನೋದುವವನಿಗೆ ಕಾದಂಬರಿಯೂ ದಕ್ಕದು, ಪದಗಳೂ ನಿಲ್ಲವು. ಪಾತ್ರಗಳ ಸುಖದುಃಖಗಳಲ್ಲಿ ಮನಸ್ಸಿಟ್ಟು ಓದಿದವನಿಗೆ ಪದಗಳು ತಾವಾಗಿಯೇ ಉಳಿಯುತ್ತವೆ. ಪರಭಾಷೆಯಲ್ಲಿ ಸಾಧಿಸಿದ ಔಚಿತ್ಯಜ್ಞಾನವು ತನ್ನ ಭಾಷೆಗೂ ಒದಗುತ್ತದೆ. ಇಂಗ್ಲಿಷಿನ ಅಧ್ಯಾಪಕರಾಗಿದ್ದ ಬಿ. ಎಂ. ಶ್ರೀಕಂಠಯ್ಯನವರು ೧೯೨೬ರಲ್ಲಿ ‘ಇಂಗ್ಲಿಷ್ ಗೀತಗಳು’ ಸಂಗ್ರಹವನ್ನು ಕನ್ನಡಕ್ಕೆ ಕೊಡಲು ಸಾಧ್ಯವಾದುದು ಅಂತಹ ಓದಿನಿಂದಲೇ. ಆದಕಾರಣ ಮಕ್ಕಳ ಕೈಗೆ ಇಂಗ್ಲಿಷ್ ಕಾದಂಬರಿಯನ್ನು ಕೊಡುವ ತಂದೆತಾಯಂದಿರು, “ಎಷ್ಟು ಹೊಸ ಪದಗಳನ್ನು ಕಲಿತೆ?” ಎಂದು ಕೇಳುವುದನ್ನು ಬಿಟ್ಟು, “ಕಥೆಯಲ್ಲಿ ಯಾರ ಮಾತು ನಿನಗೆ ಹಿಡಿಸಿತು, ಏಕೆ?” ಎಂದು ಕೇಳುವಂತಾಗಲಿ ಎಂದು ನಮ್ಮ ವಿಜ್ಞಾಪನೆ.