ನೀರಿನ ಜಾತಕ

ಹೊಸಪೇಟೆಯಲ್ಲಿ ಮನೆ ಮಾಡಿಕೊಂಡವರಿಗೆ ಸಂಬಳವಿಲ್ಲದ ಒಂದು ನೌಕರಿ ತಾನಾಗಿಯೇ ಬಂದು ಅಂಟಿಕೊಳ್ಳುತ್ತದೆ. ದಸರೆ ರಜೆ ಹತ್ತಿರ ಬಂತೆಂದರೆ ಬೆಂಗಳೂರಿನ ನಾದಿನಿ, ಧಾರವಾಡದ ಗೆಳತಿ, ಹುಬ್ಬಳ್ಳಿಯ ಬೀಗರು ಎಲ್ಲರದೂ ಒಂದೇ ಪ್ರಶ್ನೆ: “ಹಂಪಿ ನೋಡಾಕ ಬರ್ತೀವಿ, ಎಲ್ಲಿ ಇಳಕೊಂಡ್ರ ಚಲೋ?” ನಮ್ಮ ಮನೆಯಲ್ಲೇ ಇಳಿದುಕೊಳ್ಳಿ ಎಂದರೆ “ಅಯ್ಯ, ನಿನಗ್ಯಾಕ ತ್ರಾಸು” ಎನ್ನುತ್ತಾರೆ. ನನಗೂ ಒಳಗೊಳಗೇ ನಿರಾಳ ಎನ್ನಿ. ಆಮೇಲೆ ಮೊಬೈಲಿಗೆ ಏಳೆಂಟು ರೆಸಾರ್ಟುಗಳ ಚಿತ್ರ ಕಳಿಸಿ, ಒಂದನ್ನು ಆರಿಸಿಕೊಡು ಎಂದು ಗಂಟು ಬೀಳುತ್ತಾರೆ.

ಈ ಚಿತ್ರಗಳನ್ನು ನೋಡಿ ನೋಡಿ ಅವುಗಳ ವ್ಯಾಕರಣ ನನಗೆ ಬಾಯಿಪಾಠವಾಗಿದೆ. ಮೊದಲು ಕಮಲ ಮಹಲಿನದೆಂದು ಗುರುತು ಹತ್ತುವ ಒಂದು ಕಮಾನು. ಅದರ ಕೆಳಗೆ ನೀಲಿ ನೀರಿನ ಕೊಳ. ಕೊಳದ ದಂಡೆಯ ಮೇಲೆ ಹಣ್ಣಿನ ತಟ್ಟೆ. ಹಿಂದೆ ಬಂಡೆಗಲ್ಲಿನ ಗುಡ್ಡ, ಸಂಜೆಯ ಸೂರ್ಯ. ಕಾವ್ಯ ವಿಮರ್ಶೆ ಮಾಡುವವರು ಕವಿ ಹೇಳಿದ್ದರ ಜೊತೆಗೆ ಹೇಳದೆ ಬಿಟ್ಟದ್ದನ್ನೂ ಹುಡುಕುತ್ತಾರಂತೆ. ನಾನೂ ಹಾಗೆಯೇ ಹುಡುಕುತ್ತೇನೆ. ಬಚ್ಚಲಮನೆಯ ಬಾಗಿಲಿಗೆ ಚಿಲಕ ಇದೆಯೇ? ಕಿಟಕಿಗೆ ಪರದೆ ಇದೆಯೇ? ಬೆಳಿಗ್ಗೆ ಐದಕ್ಕೆ ಬಿಸಿನೀರು ಬರುತ್ತದೆಯೇ? ಆ ನೀಲಿ ಕೊಳಕ್ಕೆ ನೀರು ಎಲ್ಲಿಂದ ಬರುತ್ತದೆ? ಚಿತ್ರಗಳು ಇದಕ್ಕೆಲ್ಲ ಬಾಯಿ ಬಿಡುವುದಿಲ್ಲ.

ನನಗೆ ಈ ಪ್ರಶ್ನೆಗಳನ್ನು ಹೀಗೆ ಸಾಲಾಗಿ ಜೋಡಿಸಿಕೊಳ್ಳುವುದನ್ನು ಕಲಿಸಿದವಳು ನನ್ನ ಅಕ್ಕನ ಮಗಳು. ಗಂಡನ ಕೆಲಸದ ನಿಮಿತ್ತ ಮೂರು ವರ್ಷ ಜಪಾನಿನಲ್ಲಿದ್ದು ಬಂದವಳು. ಅಲ್ಲಿಯ ಹಳ್ಳಿಗಾಡಿನ ಬಿಸಿನೀರ ಬುಗ್ಗೆಗಳ ಪಕ್ಕದ ತಂಗುಮನೆಗಳ ವರ್ಣನೆಯನ್ನು ಅವಳ ಬಾಯಲ್ಲೇ ಕೇಳಬೇಕು. ಕೋಣೆಯ ಬಾಡಿಗೆಯನ್ನು ಸಾಮಾನ್ಯವಾಗಿ ತಲೆಗಿಷ್ಟೆಂದು ಲೆಕ್ಕ ಹಾಕುತ್ತಾರೆ. ರಾತ್ರಿಯ ಊಟ, ಬೆಳಗಿನ ತಿಂಡಿ ಅದರಲ್ಲೇ ಸೇರಿರುತ್ತದೆ. ಚಾಪೆ ಹಾಸಿದ ನೆಲದ ಮೇಲೆ ಹಾಸಿಗೆ ಬಿಡಿಸಿಕೊಡುತ್ತಾರೆ. ಕೊಳಕ್ಕೆ ಇಳಿಯುವ ಮೊದಲು ಪುಟ್ಟ ಮಣೆಯ ಮೇಲೆ ಕೂತು ಮೈ ತೊಳೆದುಕೊಳ್ಳಲೇಬೇಕು. ಕೂದಲು ಮೇಲೆ ಕಟ್ಟಬೇಕು, ವಸ್ತ್ರ ನೀರಿಗೆ ತಾಕಬಾರದು. ಹೆಂಗಸರದು ಬೇರೆ, ಗಂಡಸರದು ಬೇರೆ. ಎಷ್ಟೋ ಕಡೆ ಹೊತ್ತಿಗೆ ತಕ್ಕಂತೆ ಎರಡನ್ನೂ ಅದಲುಬದಲು ಮಾಡುತ್ತಾರೆ. ಗುಡ್ಡ ಕಾಣುವ ಕೊಳ ಒಬ್ಬರ ಪಾಲಿಗೇ ಉಳಿದುಬಿಡುವುದಿಲ್ಲ. ಇಂಥ ಮನೆಗಳನ್ನು ಮುಂದೆ ನಿಂತು ನಡೆಸುವವಳು ಸಾಮಾನ್ಯವಾಗಿ ಮನೆಯ ಯಜಮಾನಿ.

ಅಲ್ಲಿ ಬಿಸಿನೀರ ಬುಗ್ಗೆ ಎಂದರೇನೆಂದು ಹೇಳುವ ಕಾನೂನೇ ಇದೆ, 1948ರದು. ನೆಲದಿಂದ ಬರುವ ನೀರು ಮೂಲದಲ್ಲಿ 25 ಡಿಗ್ರಿ ಸೆಲ್ಸಿಯಸ್ ಇದ್ದರೂ ಸಾಕು, ಇಲ್ಲವೇ ಗೊತ್ತುಪಡಿಸಿದ ಖನಿಜಗಳಲ್ಲಿ ಯಾವುದಾದರೂ ಬೇಕಾದ ಪ್ರಮಾಣದಲ್ಲಿರಬೇಕು. ಇಪ್ಪತ್ತೈದೇ ಎಂದು ನನಗೆ ನಗು ಬಂತು. ಆ ಲೆಕ್ಕಕ್ಕೆ ಏಪ್ರಿಲ್ ಮಧ್ಯಾಹ್ನ ಹೊಸಪೇಟೆಯ ಪ್ರತಿ ಮನೆಯ ಮಾಳಿಗೆಯ ತೊಟ್ಟಿಯೂ ಬಿಸಿನೀರ ಬುಗ್ಗೆಯೇ ಸರಿ! ನಿಜವಾದ ಬುಗ್ಗೆ ನಮ್ಮ ರಾಜ್ಯದಲ್ಲಿ ಹೆಸರಾದದ್ದು ಪುತ್ತೂರು ತಾಲ್ಲೂಕಿನ ಇರ್ದೆಯ ಬೆಂದ್ರ್ ತೀರ್ಥ. ನಮ್ಮ ಬಯಲುಸೀಮೆಗೆ ಆ ಭಾಗ್ಯವಿಲ್ಲ.

ನಗು ನಿಂತದ್ದು ಮುಂದಿನ ಮಾತು ಕೇಳಿದಾಗ. 2004ರಲ್ಲಿ ನಾಗಾನೋ ಪ್ರಾಂತದ ಶಿರಾಹೊನೆ ಎಂಬ ಪ್ರಸಿದ್ಧ ಬುಗ್ಗೆಯೂರಿನಲ್ಲಿ ಒಂದು ಸುದ್ದಿ ಹೊರಬಿತ್ತು. ಹಾಲಿನಂತೆ ಬೆಳ್ಳಗಿನ ನೀರಿಗೆ ಹೆಸರಾದ ಊರು ಅದು. ಬಿಳುಪು ಕಡಿಮೆಯಾದಾಗ ಅಲ್ಲಿ ಕೆಲವರು ನೀರಿಗೆ ಪುಡಿ ಬೆರೆಸಿ ಬಣ್ಣ ತರಿಸುತ್ತಿದ್ದರಂತೆ. ದೇಶಕ್ಕೆ ದೇಶವೇ ಸಿಟ್ಟಾಯಿತು. ಮರುವರ್ಷವೇ ನಿಯಮ ತಿದ್ದಿದರು. ಬುಗ್ಗೆಯ ನೀರಿಗೆ ಬೇರೆ ನೀರು ಸೇರಿಸುತ್ತೀರಾ, ಕಾಯಿಸುತ್ತೀರಾ, ಬಳಸಿದ ನೀರನ್ನೇ ಸೋಸಿ ಮತ್ತೆ ಬಿಡುತ್ತೀರಾ, ಏನಾದರೂ ಬೆರೆಸುತ್ತೀರಾ, ಇಷ್ಟನ್ನೂ ಕಾರಣದೊಡನೆ ಬರೆದು ತೂಗುಹಾಕಬೇಕು. ನೀರಿನ ಪರೀಕ್ಷೆಯ ವಿವರವೂ ಜೊತೆಗಿರಬೇಕು. ಎಂದರೆ ಕೊಳಕ್ಕಿಳಿಯುವ ಹೆಂಗಸಿಗೆ ಆ ನೀರಿನ ಜಾತಕ ಓದಲು ಸಿಗುತ್ತದೆ.

ಹಾಗೆಂದು ಜಪಾನನ್ನು ಅಟ್ಟಕ್ಕೇರಿಸುವುದು ಬೇಡ. ಒಬ್ಬಳೇ ಹೋದರೆ ಕೋಣೆ ಕೊಡಲು ಹಿಂದೆಮುಂದೆ ನೋಡುವ ಮನೆಗಳು ಅಲ್ಲಿಯೂ ಇವೆಯಂತೆ; ಇಬ್ಬರ ಊಟದ ಲೆಕ್ಕ ಒಬ್ಬಳಿಂದ ತುಂಬುವುದಿಲ್ಲವಲ್ಲ. ನಮ್ಮ ಊರುಗಳ ಲಾಡ್ಜುಗಳಲ್ಲಿ ಕೇಳುವ “ಜೊತೆಗೆ ಯಾರದಾರ್ರಿ?” ಎಂಬ ಪ್ರಶ್ನೆಗೆ ಕಾರಣ ಬೇರೆ, ಫಲ ಒಂದೇ. ನಾನು ಅವರಿಂದ ಕಲಿಯಬೇಕೆನ್ನುವುದು ಒಂದೇ ವಿಷಯ: ನೀರನ್ನು ತೋರಿಸಿ ದುಡ್ಡು ಕೇಳುವವನು ನೀರಿನ ವಿಷಯದಲ್ಲಿ ಸತ್ಯ ಹೇಳಬೇಕು.

ಈ ಕಣ್ಣಿನಿಂದ ನೋಡಿದರೆ ನಮ್ಮ ಹಂಪಿಯೇ ಬೇರೆ ಕಾಣುತ್ತದೆ. ರಾಣಿಯರ ಸ್ನಾನಗೃಹದ ಹೊರಗೋಡೆ ಬೋಳು ಬೋಳು. ಒಳಗೆ ಹೋದರೆ ಸುಮಾರು 15 ಮೀಟರ್ ಚೌಕದ, ಆರಡಿ ಆಳದ ಕೊಳ, ಸುತ್ತ ಮೊಗಸಾಲೆ, ನೀರಿನ ಮೇಲೆ ಚಾಚಿದ ಕುಸುರಿ ಬಾಲ್ಕನಿಗಳು, ಮೇಲೆ ಆಕಾಶ. ಸ್ನಾನ ಮಾಡಿದವರು ರಾಣಿಯರೋ ರಾಜರೋ ವಿದ್ವಾಂಸರು ವಾದಿಸಲಿ. ಅಂದವನ್ನೆಲ್ಲ ಒಳಗಿಟ್ಟು, ಬೀದಿಗೆ ಬರೀ ಗೋಡೆ ತೋರಿಸಿದ ಮೇಸ್ತ್ರಿಗೆ ಸ್ನಾನದ ಮರ್ಯಾದೆ ಗೊತ್ತಿತ್ತು. 1980ರ ದಶಕದ ಉತ್ಖನನದಲ್ಲಿ ಸಿಕ್ಕ ಮೆಟ್ಟಿಲು ಪುಷ್ಕರಣಿಯ ಕಲ್ಲುಗಳ ಮೇಲೆ, ಯಾವ ಕಲ್ಲು ಎಲ್ಲಿ ಕೂರಬೇಕೆಂಬ ಗುರುತುಗಳಿವೆ. ಅಲ್ಲಿಗೆ ನೀರು ತಂದ ಕಲ್ಲುದೋಣಿಗಳ ಸಾಲು ಇಂದಿಗೂ ಕಣ್ಣೆದುರಿಗೆ ನಿಂತಿದೆ. ನೀರು ಎಲ್ಲಿಂದ ಬಂತೆಂದು ಯಾರನ್ನೂ ಕೇಳಬೇಕಿಲ್ಲ. ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ರಾಜ ಬೆಳಗಾಗುವ ಮುಂಚೆ ಎಳ್ಳೆಣ್ಣೆ ಕುಡಿದು, ಮೈಗೆಲ್ಲ ಎಣ್ಣೆ ಹಚ್ಚಿಕೊಂಡು, ಸಾಮು ಮಾಡಿ ಬೆವರಿಳಿಸಿ, ಆಮೇಲೆ ಸ್ನಾನಕ್ಕೆ ಕೂರುತ್ತಿದ್ದನೆಂದು ಬರೆದಿದ್ದಾನೆ. ರಾಜನಾದರೇನು, ದೀಪಾವಳಿಯ ಬೆಳಗು ನಮ್ಮ ಮನೆಯ ಗಂಡುಮಕ್ಕಳು ಕೂರುವ ಹಾಗೆಯೇ!

ಇಂದಿನ ರೆಸಾರ್ಟುಗಳು ಹಂಪಿಯಿಂದ ಎತ್ತಿಕೊಂಡದ್ದು ಕಮಾನನ್ನು. ಬಿಟ್ಟುಬಂದದ್ದು ಕಾಲುವೆಯನ್ನು. ನನ್ನ ತಕರಾರು ಇಷ್ಟೇ. 2024ರ ಆಗಸ್ಟಿನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಸರಪಳಿ ಕಡಿದು ಕೊಚ್ಚಿಹೋದಾಗ, ತುಂಬಿದ ನೀರು ಕಣ್ಣೆದುರೇ ಹರಿದುಹೋಗುವುದನ್ನು ನೋಡಿ ಈ ಸೀಮೆಯ ರೈತರ ಮನೆಗಳಲ್ಲಿ ಅನ್ನ ಗಂಟಲಲ್ಲಿ ಇಳಿದಿರಲಿಕ್ಕಿಲ್ಲ. ಬೇಸಿಗೆಯಲ್ಲಿ ನಮ್ಮ ಓಣಿಗೆ ನಲ್ಲಿ ನೀರು ಬರುವ ದಿನ ನಾವು ಹೆಂಗಸರು ನಿದ್ದೆಗೆಟ್ಟು ಕೊಡಗಳನ್ನು ಸಾಲಿಡುತ್ತೇವೆ. ಅಂಥ ಊರಿನ ಅಂಚಿನಲ್ಲಿ ಮೇ ತಿಂಗಳಲ್ಲೂ ತುಂಬಿ ತುಳುಕುವ ಕೊಳದ ಚಿತ್ರ ಕಂಡರೆ, ಅದರ ಜಾತಕ ಕೇಳುವ ಹಕ್ಕು ನಮಗಿಲ್ಲವೇ?

ಅತಿಥಿಗೆ ನೀರು ಕೊಡುವುದು ಎಂದರೇನೆಂದು ನಾನು ನೋಡಿದ್ದು ಕಂಪ್ಲಿಯ ಚಿಕ್ಕಮ್ಮನ ಮನೆಯಲ್ಲಿ. ಹೊಸ್ತಿಲಲ್ಲೇ ಕಾಲಿಗೆ ತಂಬಿಗೆ ನೀರು. ಬಚ್ಚಲ ಒಲೆಗೆ ಕಬ್ಬಿನ ರವದಿ ಹಾಕಿ ಕಾಯಿಸಿದ ಹಂಡೆ ನೀರು. ಹೆಣ್ಣುಮಕ್ಕಳು ಹೋದರೆ ತಾನೇ ಬೆನ್ನು ತಿಕ್ಕಿ ಎರೆಯುವಳು. ಅದರ ಸುಖ ಯಾವ ರೆಸಾರ್ಟಿನಲ್ಲಿ ಸಿಕ್ಕೀತು! ಆದರೆ ಆ ಹಂಡೆ ತುಂಬಿಸಿದ ರಟ್ಟೆಯೂ ಅವಳದೇ, ಹೊಗೆ ಕುಡಿದ ಕಣ್ಣೂ ಅವಳದೇ. ಎರೆದುಕೊಂಡವರು ಯಾರೂ ಅವಳ ಬೆನ್ನು ತಿಕ್ಕಿದ್ದನ್ನು ನಾನು ಕಾಣೆ. ಹಳೆಯದೆಲ್ಲ ಚೆನ್ನ ಎಂದು ಹಾಡುವಾಗ ಇದನ್ನು ಮರೆಯಬಾರದು.

ಇಂಥ ಮನೆಗಳ ಆತಿಥ್ಯ ಹಂಪಿಯಲ್ಲೂ ಒಂದು ಕಾಲಕ್ಕೆ ಅಗ್ಗವಾಗಿ ಸಿಗುತ್ತಿತ್ತು. ವಿರೂಪಾಕ್ಷ ಬಜಾರಿನಲ್ಲಿ ಮನೆ, ಅಂಗಡಿ, ಖಾನಾವಳಿ ಒಂದಕ್ಕೊಂದು ಅಂಟಿಕೊಂಡಿದ್ದವು. 2011ರ ಜುಲೈನಲ್ಲಿ ಅವನ್ನು ಕೆಡವಿದರು. ಹೊಳೆಯಾಚೆ ವಿರೂಪಾಪುರ ಗಡ್ಡೆಯ ರೆಸಾರ್ಟುಗಳು 2020ರ ಫೆಬ್ರವರಿಯ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಮಾರ್ಚಿನಲ್ಲಿ ನೆಲಸಮವಾದವು. ಸ್ಮಾರಕ ಉಳಿಯಬೇಕು, ಕಾನೂನು ನಡೆಯಬೇಕು, ಒಪ್ಪುತ್ತೇನೆ. ಆದರೆ ಚಿಕ್ಕ ಮನೆಯ ಜೊತೆಗೆ, ಅಡುಗೆ ಮಾಡಿ ಬಡಿಸಿ ನಾಲ್ಕು ಕಾಸು ಕಾಣುತ್ತಿದ್ದ ಹೆಂಗಸಿನ ಸಂಪಾದನೆಯೂ ಹೋಗುತ್ತದೆ. ದೊಡ್ಡ ಕಮಾನಿನ ಒಳಗೆ ಅವಳಿಗೆ ಸಿಗುವುದು ಹೆಚ್ಚೆಂದರೆ ಹಾಸಿಗೆ ಬಟ್ಟೆ ಒಗೆಯುವ ಕೆಲಸ.

ಇನ್ನು ಚಿಲಕದ ಮಾತು. 2025ರ ಮಾರ್ಚ್ 6ರ ರಾತ್ರಿ ಗಂಗಾವತಿ ತಾಲ್ಲೂಕಿನ ಸಾಣಾಪುರದ ಬಳಿ, ಕಾಲುವೆಯ ದಂಡೆಯ ಮೇಲೆ ಕೂತಿದ್ದ ವಿದೇಶಿ ಪ್ರವಾಸಿ ಹೆಣ್ಣುಮಗಳ ಮೇಲೂ, ಅತಿಥಿಗಳನ್ನು ಅಲ್ಲಿಗೆ ಕರೆತಂದಿದ್ದ ಹೋಂಸ್ಟೇ ನಡೆಸುವವಳ ಮೇಲೂ ಅತ್ಯಾಚಾರ ನಡೆಯಿತು. ಜೊತೆಗಿದ್ದ ಗಂಡಸರನ್ನು ನೀರಿಗೆ ತಳ್ಳಿದರು, ಒಬ್ಬ ಸತ್ತ. ಸುದ್ದಿ ಬಂದ ದಿನ ನಮ್ಮ ಓಣಿಯ ಕಟ್ಟೆಯ ಮೇಲೂ ಕೇಳಿದ್ದು ಒಂದೇ ಮಾತು: “ರಾತ್ರಿ ಅಲ್ಲಿಗ್ಯಾಕ ಹೋಗಬೇಕಿತ್ತು?” ನಕ್ಷತ್ರ ನೋಡಲು ಹೋಗಿದ್ದರು. ಬಂದವರಿಗೆ ತನ್ನೂರಿನ ಆಕಾಶ ತೋರಿಸುವುದು ಆಕೆಯ ಆತಿಥ್ಯ, ಆಕೆಯ ಕಸುಬು. ಪ್ರಶ್ನೆ ಕೇಳಬೇಕಾದ್ದು ಅವಳನ್ನಲ್ಲ. ಕಾಲುವೆಯ ದಾರಿಗೆ ದೀಪ, ರಾತ್ರಿ ಗಸ್ತು ಇಲ್ಲದೆ ‘ಪ್ರವಾಸಿಗರ ಸ್ವರ್ಗ’ ಎಂದು ಹಾಡಿದವರನ್ನು.

ಸಂಡೂರಿನ ಮಾತೊಂದು ಉಳಿಯಿತು. ಮಳೆ ಬಿದ್ದ ಮೇಲೆ ಆ ಗುಡ್ಡಗಳ ಹಸಿರು ನೋಡಿಯೇ ತೀರಬೇಕು. ಅದಿರಿನ ಲಾರಿಗಳ ಕೆಂಪು ಧೂಳನ್ನೂ ಜೊತೆಗೇ ನೋಡಬೇಕು. ಅಲ್ಲಿಯ ಲಂಬಾಣಿ ಹೆಣ್ಣುಮಕ್ಕಳ ಕಸೂತಿಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ನಡೆದ ಜಿ-20 ಸಭೆಯಲ್ಲಿ, 450ಕ್ಕೂ ಹೆಚ್ಚು ಮಂದಿ ಹೊಲಿದ 1,755 ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ತಂಗುವ ಕೋಣೆಯ ಹಾಸಿಗೆಯ ಮೇಲೆ ಕನ್ನಡಿ ಚೂರಿನ ಹೊದಿಕೆ ಕಂಡರೆ, ಇದನ್ನು ಹೊಲಿದವರು ಯಾವ ತಾಂಡಾದವರು, ಅವರಿಗೆಷ್ಟು ಕೊಟ್ಟಿರಿ ಎಂದು ಕೇಳಿನೋಡಿ. ಹೇಳಬಲ್ಲ ಮನೆ ಬೇರೆ, ಹೇಳಲಾರದ ಮನೆ ಬೇರೆ.

ಈಗ ಯಾರೇ ಕೇಳಲಿ, ನಾನು ಹೆಸರು ಹೇಳುವುದಿಲ್ಲ, ಪ್ರಶ್ನೆಗಳನ್ನು ಕೊಡುತ್ತೇನೆ. ಕೋಣೆ ಹಿಡಿಯುವ ಮೊದಲು ಫೋನು ಮಾಡಿ ಕೇಳಿ: ನೀರು ನದಿಯದೋ ಬಾವಿಯದೋ ಟ್ಯಾಂಕರಿನದೋ? ಬಚ್ಚಲಿನ ನೀರು ಎಲ್ಲಿಗೆ ಹೋಗುತ್ತದೆ? ಒಳಗಿನ ಚಿಲಕ ಗಟ್ಟಿಯೇ? ಒಬ್ಬಳೇ ಬಂದರೆ ಕೋಣೆ ಕೊಡುತ್ತೀರಾ? ಕತ್ತಲಾದ ಮೇಲೆ ಆಟೋ ಸಿಗುತ್ತದೆಯೇ? ಅಡುಗೆ ಮಾಡುವವರು ಈ ಊರಿನವರೇ? ಮೊದಮೊದಲು ಅತ್ತ ಕಡೆಯವನು ತಬ್ಬಿಬ್ಬಾಗುತ್ತಾನೆ, ಮ್ಯಾನೇಜರನ್ನು ಕೇಳಿ ಹೇಳುತ್ತೇನೆ ಎನ್ನುತ್ತಾನೆ. ಹೇಳಲಿ. ಸಾವಿರ ಹೆಂಗಸರು ಇದೇ ಪ್ರಶ್ನೆ ಕೇಳಿದರೆ, ಹಂಪಿಯ ಕೊಳಗಳ ಪಕ್ಕದಲ್ಲೂ ಒಂದು ದಿನ ನೀರಿನ ಜಾತಕ ಬರೆದ ಹಲಗೆ ಬಿದ್ದೀತು.