ಗಣಕಯಂತ್ರವೂ ಉತಾರದ ಕನ್ನಡವೂ

‘ಗಣಕ’ ಎಂಬ ಶಬ್ದವು ಕನ್ನಡಕ್ಕೆ ಹೊಸದಲ್ಲ. ಯಂತ್ರವು ಹುಟ್ಟುವುದಕ್ಕೆ ಎಷ್ಟೋ ಶತಮಾನಗಳ ಮುಂಚೆ ಲೆಕ್ಕವನ್ನು ಬಲ್ಲವನೂ ಗ್ರಹಗತಿಯನ್ನು ಎಣಿಸುವವನೂ ಗಣಕನೆನಿಸಿಕೊಂಡಿದ್ದನು. ಆಂಗ್ಲ ಭಾಷೆಯ ‘ಕಂಪ್ಯೂಟರ್’ ಶಬ್ದದ ಕಥೆಯೂ ಇಂತಹುದೇ. 17ನೆಯ ಶತಮಾನದಿಂದ 20ನೆಯ ಶತಮಾನದ ನಡುಭಾಗದ ವರೆಗೆ ಅದು ಕುಳಿತು ಲೆಕ್ಕ ಮಾಡುವ ಮನುಷ್ಯನ ಹೆಸರಾಗಿದ್ದಿತು. ಅನಂತರ ಯಂತ್ರದ ಹೆಸರಾಯಿತು. ಹೀಗೆ ಎರಡು ಭಾಷೆಗಳಲ್ಲಿಯೂ ಮನುಷ್ಯನ ಹೆಸರನ್ನು ಯಂತ್ರವು ಪಡೆದುಕೊಂಡಿದೆ. ಹೆಸರಿನೊಡನೆ ಅವನ ಹೊಣೆಯನ್ನೂ ಪಡೆದುಕೊಂಡಿತೇ ಎಂಬ ಪ್ರಶ್ನೆಯನ್ನು ಗಣಕಯಂತ್ರದ ವಿಷಯವಾಗಿ ಕನ್ನಡದಲ್ಲಿ ಬಂದಿರುವ ಬರವಣಿಗೆಯು ಎತ್ತುವುದು ವಿರಳ.

ಆ ಬರವಣಿಗೆಯ ಕ್ರಮವು ವಾಚಕರಿಗೆ ಪರಿಚಿತವಾದುದೇ ಆಗಿದೆ. ಚಾರ್ಲ್ಸ್ ಬ್ಯಾಬೇಜನಿಂದ ಅದು ತೊಡಗುವುದು. 1946ರಲ್ಲಿ ಅಮೆರಿಕದಲ್ಲಿ ಬೆಳಕಿಗೆ ಬಂದ, ಸುಮಾರು 18 ಸಾವಿರ ನಿರ್ವಾತ ನಳಿಗೆಗಳ ಎನಿಯಾಕ್ ಯಂತ್ರದ ಗಾತ್ರಕ್ಕೆ ಬೆರಗಾಗುವುದು. 1960ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಸಿದ್ಧವಾದ ಯಂತ್ರವನ್ನು ನೆನೆದು, ಬೆಂಗಳೂರಿನ ಸಿರಿಯನ್ನು ಕೊಂಡಾಡುವುದರಲ್ಲಿ ಮುಗಿಯುವುದು. ವೇಗವನ್ನೂ ಹಣವನ್ನೂ ಅಳೆಯುವ ಈ ಕ್ರಮದಲ್ಲಿ ಒಂದು ಮುಖ್ಯವಾದ ಅಂಶವು ಮರೆಯಾಗುತ್ತದೆ. ಗಣಕಯಂತ್ರವು ಲೋಕವ್ಯವಹಾರಕ್ಕೆ ಇಳಿದುದು ಪಂಡಿತನಾಗಿ ಅಲ್ಲ, ಕರಣಿಕನಾಗಿ. 1890ರಲ್ಲಿ ಹೊಲರಿತನ ರಂಧ್ರಪತ್ರಗಳ ಯಂತ್ರವು ಮಾಡಿದ ಕೆಲಸವು ಅಮೆರಿಕದ ಜನಗಣತಿ. 1951ರಲ್ಲಿ ಇಂಗ್ಲಂಡದ ಲಯನ್ಸ್ ಎಂಬ ಚಹದಂಗಡಿಗಳ ಕಂಪನಿಯು ಲಿಯೋ ಎಂಬ ಯಂತ್ರದಿಂದ ಮಾಡಿಸಿದ ಮೊದಲ ವ್ಯಾಪಾರಿ ಲೆಕ್ಕವು ಬೇಕರಿಯ ಸರಕುಗಳದು. ತಲೆ ಎಣಿಸುವುದು, ಸರಕು ಎಣಿಸುವುದು, ಯಾರದು ಎಷ್ಟೆಂದು ಬರೆದಿಡುವುದು, ಇವೇ ಅದರ ಮೂಲವೃತ್ತಿಗಳು. ಆದುದರಿಂದ ಕರಣಿಕನನ್ನು ಪರೀಕ್ಷಿಸುವ ರೀತಿಯಲ್ಲಿಯೇ ಅದನ್ನೂ ಪರೀಕ್ಷಿಸಬೇಕು: ಬರೆದುದು ಸರಿಯಾಗಿದೆಯೇ? ಯಾರ ಲೆಕ್ಕವೋ ಅವನಿಗೆ ಅದು ತಿಳಿಯುತ್ತದೆಯೇ?

ಎರಡನೆಯ ಪ್ರಶ್ನೆಯು ಕನ್ನಡಕ್ಕೆ ಬಹಳ ಹಳೆಯದು. 12ನೆಯ ಶತಮಾನದ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನೂ ‘ಕ್ಷೇತ್ರಗಣಿತ’ವನ್ನೂ ಕನ್ನಡದಲ್ಲಿ ರಚಿಸಿದನು. ಅವನ ಊರಾದ ಪೂವಿನಬಾಗೆಯು ಬೆಳಗಾವಿ ಜಿಲ್ಲೆಯ ರಾಯಬಾಗವೇ ಎಂದು ಕೆಲವು ವಿದ್ವಾಂಸರ ಮತ. ಶಾಸ್ತ್ರವು ಸಂಸ್ಕೃತದಲ್ಲಿ ಇದ್ದ ಕಾಲದಲ್ಲಿ ಕೊಡುಕೊಳ್ಳುವವನ ಲೆಕ್ಕವನ್ನೂ ಹೊಲದ ಅಳತೆಯನ್ನೂ ನಾಡನುಡಿಗೆ ತಂದುದು ಸಣ್ಣ ಕಾರ್ಯವಲ್ಲ.

ಯಂತ್ರದ ಕಾಲದಲ್ಲಿ ಲಿಪಿಯ ಮಟ್ಟಿಗೆ ಅಂತಹ ಕಾರ್ಯವು ನಡೆದಿದೆಯೆಂದು ಸಂತೋಷದಿಂದ ಒಪ್ಪಬೇಕು. ಸ್ವರವ್ಯಂಜನಗಳನ್ನು ಉಚ್ಚಾರದ ಕ್ರಮದಲ್ಲಿ ಒತ್ತಿದರೆ ಗುಣಿತವನ್ನೂ ಒತ್ತಕ್ಷರವನ್ನೂ ಯಂತ್ರವೇ ಕೂಡಿಸಿಕೊಳ್ಳುವ ಕೀಲಿಮಣೆಯ ವಿನ್ಯಾಸವನ್ನು ಕೆ. ಪಿ. ರಾಯರು ರೂಪಿಸಿದರು, ತಮ್ಮ ತಂತ್ರಾಂಶಕ್ಕೆ ‘ಸೇಡಿಯಾಪು’ ಎಂದು ವಿದ್ವಾಂಸರಾದ ಸೇಡಿಯಾಪು ಕೃಷ್ಣಭಟ್ಟರ ಹೆಸರನ್ನಿಟ್ಟರು. 1991ರಲ್ಲಿ ಯುನಿಕೋಡ್ ಎಂಬ ಜಾಗತಿಕ ಸಂಕೇತಪದ್ಧತಿಯಲ್ಲಿ ಕನ್ನಡಕ್ಕೆ ಸ್ಥಾನ ದೊರೆಯಿತು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ವೂ, ಬಳಿಕ ಕನ್ನಡ ಗಣಕ ಪರಿಷತ್ತಿನ ‘ನುಡಿ’ಯೂ ಬಂದವು. ಆದರೆ ಲಿಪಿಯು ಯಂತ್ರವನ್ನು ಏರಿದ ಮಾತ್ರದಿಂದ ಭಾಷೆಯು ಏರಿದಂತಾಗುವುದಿಲ್ಲ. 2011ರ ಮಾರ್ಚ್ ತಿಂಗಳಲ್ಲಿ ಬೆಳಗಾವಿಯಲ್ಲಿ ನೆರೆದ ವಿಶ್ವ ಕನ್ನಡ ಸಮ್ಮೇಳನವನ್ನು ಇನ್ಫೋಸಿಸ್ ಸಂಸ್ಥಾಪಕರಲ್ಲೊಬ್ಬರಾದ ನಾರಾಯಣ ಮೂರ್ತಿಯವರು ಉದ್ಘಾಟಿಸಿದಾಗ ಸಾಹಿತಿಗಳಲ್ಲಿ ದೊಡ್ಡ ವಾದವೆದ್ದಿತು. ಉದ್ಯಮಿಗೆ ಆ ಗೌರವವು ಸಲ್ಲುವುದೇ, ಆಂಗ್ಲ ಮಾಧ್ಯಮವನ್ನು ಕುರಿತು ಅವರ ಅಭಿಪ್ರಾಯವೇನು ಎಂಬುದರ ಸುತ್ತಲೇ ಅದು ಬಹುಮಟ್ಟಿಗೆ ಸುತ್ತಿತು. ಗಣಕಯಂತ್ರದ ಕನ್ನಡವು ಎಂತಹುದೆಂಬುದನ್ನು ನೋಡಲು ಅಷ್ಟು ದೂರ ಹೋಗಬೇಕಾಗಿರಲಿಲ್ಲ. ಸಮ್ಮೇಳನದ ಮಂಟಪದಿಂದ ಇಪ್ಪತ್ತೈದು ಕಿಲೋಮೀಟರುಗಳಷ್ಟು ತೆಂಕಣಕ್ಕೆ, ಖಾನಾಪುರದ ತಾಲೂಕು ಕಚೇರಿಯಲ್ಲಿ, ಅದರ ಮಾದರಿಯು ದಿನದಿನವೂ ಅಚ್ಚಾಗಿ ರೈತರ ಕೈಗೆ ಬರುತ್ತಲಿದ್ದಿತು. ಸರಕಾರವು ಅದನ್ನು ಪಹಣಿಯೆನ್ನುತ್ತದೆ. ಈ ಭಾಗದ ಜನರು ಉತಾರವೆನ್ನುತ್ತಾರೆ.

ಖಾನಾಪುರದ ನೆಲಕ್ಕೆ ದಾಖಲೆಯು ಹೊಸದಲ್ಲ. ಅದೇ ತಾಲೂಕಿನ ಹಲಸಿಯಲ್ಲಿ ದೊರೆತ ಕದಂಬರ ತಾಮ್ರಪಟಗಳಲ್ಲೊಂದು 5ನೆಯ ಶತಮಾನದ ಕಾಕುಸ್ಥವರ್ಮನು ಸೇನಾಪತಿ ಶ್ರುತಕೀರ್ತಿಗೆ ಭೂಮಿಯನ್ನಿತ್ತುದನ್ನು ಹೇಳುತ್ತದೆ. ಅದರ ಭಾಷೆ ಸಂಸ್ಕೃತ. ನೇಗಿಲು ಹಿಡಿದವನಿಗೆ ನಿಲುಕದ್ದು. ಮರಾಠರ ಆಳಿಕೆಯಲ್ಲಿ ತಾಮ್ರವು ಹೋಗಿ ಕಾಗದವು ಬಂದಿತು, ಕಾಗದದ ಮೇಲೆ ಮೋಡಿ ಲಿಪಿಯು ಬಂದಿತು. ಅದೂ ನೇಗಿಲಿನವನಿಗೆ ನಿಲುಕಲಿಲ್ಲ. ಓದಬಲ್ಲವನು ಕುಲಕರ್ಣಿ. ದಫ್ತರವು ಅವನ ಮನೆಯಲ್ಲಿ, ಅದರ ಅರ್ಥವು ಅವನ ನಾಲಗೆಯಲ್ಲಿ. 1950ರ ಮುಂಬಯಿ ಕಾಯಿದೆಯು ಕುಲಕರ್ಣಿ ವತನವನ್ನು ತೆಗೆದುಹಾಕಿತು, ತಲಾಟಿಯು ಬಂದನು. 1956ರಲ್ಲಿ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು. ಆದರೂ ರೈತನು ತನ್ನ ಹೊಲದ ಕಾಗದಕ್ಕಾಗಿ ಒಬ್ಬ ಮನುಷ್ಯನ ದಾರಿ ಕಾಯುವುದು ತಪ್ಪಲಿಲ್ಲ.

ಅದನ್ನು ತಪ್ಪಿಸಿದುದು ಗಣಕಯಂತ್ರ. ‘ಭೂಮಿ’ ಯೋಜನೆಯು 2002ರ ಹೊತ್ತಿಗೆ ಕರ್ನಾಟಕದ ತಾಲೂಕುಗಳನ್ನೆಲ್ಲ ವ್ಯಾಪಿಸಿತು. ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ದಾಖಲೆಗಳು ಯಂತ್ರದೊಳಗೆ ಸೇರಿದವು. ಆರಂಭದಲ್ಲಿ 15 ರೂಪಾಯಿ ಕೊಟ್ಟವನಿಗೆ ಕಚೇರಿಯ ಕಿಂಡಿಯಲ್ಲಿ ಉತಾರವು ಸಿಕ್ಕತೊಡಗಿತು. ಹಕ್ಕುಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಂತೆಯೇ ತೆಗೆದುಕೊಳ್ಳಬೇಕೆಂಬ ಕಟ್ಟು ಯಂತ್ರದಲ್ಲಿಯೇ ಇದ್ದಿತು. ದಾಖಲೆಯನ್ನು ಮುಟ್ಟುವ ನೌಕರನು ಬೆರಳ ಗುರುತನ್ನು ಕೊಡಬೇಕಾಗಿದ್ದಿತು. ಗೌಡನಿಗೂ ಗೇಣಿಯವನಿಗೂ ಒಂದೇ ಸರದಿ ಎಂಬುದು ಸಾಮಾನ್ಯವಾದ ಲಾಭವಲ್ಲ. ಕುಲಕರ್ಣಿಯ ಕಾಲವನ್ನು ಹಾಡಿ ಹೊಗಳುವವರು ಇದನ್ನು ಮರೆಯಲಾಗದು.

ಇನ್ನು ಆ ಹಾಳೆಯನ್ನು ಒಂದು ಕನ್ನಡ ಬರವಣಿಗೆಯೆಂದು ಭಾವಿಸಿ ಓದಿ ನೋಡಬೇಕು. ಖುಷ್ಕಿ, ತರಿ, ಬಾಗಾಯತು, ಹಿಸ್ಸಾ, ಖರಾಬು ಎಂಬ ಫಾರಸಿ ಅರಬ್ಬಿ ಮೂಲದ ಶಬ್ದಗಳಿಗಾಗಿ ಅದನ್ನು ಹಳಿಯುವ ಪಂಡಿತರುಂಟು. ಆ ಆಕ್ಷೇಪವು ನಿಲ್ಲುವುದಿಲ್ಲ. ಈ ಶಬ್ದಗಳು ನೂರಾರು ವರ್ಷ ಹೊಲದಲ್ಲಿ ದುಡಿದು ನೆಲದವಾಗಿವೆ. ಖಾನಾಪುರದಲ್ಲಂತೂ ಕನ್ನಡಿಗನೂ ಮರಾಠಿಗನೂ ಇವುಗಳನ್ನು ಒಂದೇ ಅರ್ಥದಲ್ಲಿ ಬಳಸುತ್ತಾರೆ. ತೊಡಕು ಬೇರೆ ಕಡೆಯಲ್ಲಿದೆ. ಹೊಲವು ತಂದೆಯಿಂದ ಮಗನಿಗೆ ಬಂದ ಸಂಗತಿಯನ್ನು ಹಾಳೆಯು ವಾಕ್ಯದಲ್ಲಿ ಹೇಳುವುದಿಲ್ಲ, ‘ಎಂ.ಆರ್.’ ಎಂಬ ಎರಡು ಆಂಗ್ಲ ಅಕ್ಷರಗಳಲ್ಲಿಯೂ ಒಂದು ಸಂಖ್ಯೆಯಲ್ಲಿಯೂ ಅಡಗಿಸುತ್ತದೆ. ಸಾಲದ ಬೋಜಾ ಹೊಲದ ಮೇಲೆ ನಿಂತಿದೆಯೇ, ತೀರಿದೆಯೇ ಎಂಬುದು 11ನೆಯ ಕಲಮಿನಲ್ಲಿರುತ್ತದೆ. ಎಲ್ಲಿ ನೋಡಬೇಕೆಂಬುದನ್ನು ಬಲ್ಲವನಿಗೆ ಮಾತ್ರ ಅದು ಕಾಣುತ್ತದೆ. ಮೈಮೇಲಿನ ಭಾರವನ್ನು ಹೊತ್ತವನೇ ಓದಲಾರದಂತೆ ಬರೆದ ಬರವಣಿಗೆಯನ್ನು ಉತ್ತಮವೆನ್ನಲು ಯಾವ ವಿಮರ್ಶಕನಿಗೂ ಸಾಧ್ಯವಿಲ್ಲ.

ಹೆಸರಿನ ವಿಷಯವು ಇದಕ್ಕಿಂತಲೂ ಗಂಭೀರವಾದುದು. ಒಬ್ಬ ರೈತನನ್ನು ಒಂದು ಸರ್ವೆ ನಂಬರಿನಲ್ಲಿ ‘ಜ್ಞಾನೇಶ್ವರ’ನೆಂದೂ, ಮರಾಠಿಯ ಉಚ್ಚಾರವನ್ನು ಅನುಸರಿಸಿ ಇನ್ನೊಂದರಲ್ಲಿ ‘ದ್ನ್ಯಾನೇಶ್ವರ’ನೆಂದೂ ಬರೆದರೆ, ಕುಲಕರ್ಣಿಯು ನಕ್ಕು, ಇಬ್ಬರೂ ಒಬ್ಬನೇ ಎನ್ನುತ್ತಿದ್ದನು. ಯಂತ್ರವು ನಗುವುದಿಲ್ಲ, ಅದಕ್ಕೆ ಅಕ್ಷರಗಳ ಸಾಲೇ ಮನುಷ್ಯ, ಸಾಲು ಬೇರೆಯಾದರೆ ಮನುಷ್ಯನೂ ಬೇರೆ. ಬೆಳೆಹಾನಿಯ ಪರಿಹಾರವೂ ಸಂಘದ ಸಾಲವೂ ಹೆಸರಿನ ಹೊಂದಿಕೆಯನ್ನೇ ಬೇಡುವ ಈ ದಿನಗಳಲ್ಲಿ, ಆ ರೈತನು ತಾನೇ ತಾನೆಂದು ಪ್ರಮಾಣಪತ್ರವನ್ನು ಮಾಡಿಸಿಕೊಂಡು ಬರಬೇಕಾಗುತ್ತದೆ. ಗಣಕನು ಮನುಷ್ಯನನ್ನು ಬಲ್ಲವನಾಗಿದ್ದನು, ಪುಸ್ತಕವನ್ನು ಬಚ್ಚಿಟ್ಟಿದ್ದನು. ಗಣಕಯಂತ್ರವು ಪುಸ್ತಕವನ್ನು ಬಿಚ್ಚಿಟ್ಟಿದೆ, ಮನುಷ್ಯನನ್ನು ಅರಿಯದು. ಆ ಅರಿವನ್ನು ಒದಗಿಸಬೇಕಾದುದು ಯಂತ್ರವನ್ನು ನಡೆಸುವವರ ಹೊಣೆ. ಅವರಿಗೆ ತಕ್ಕ ಮಾತನ್ನು ಒದಗಿಸಬೇಕಾದುದು ಭಾಷೆಯನ್ನು ಬಲ್ಲವರ ಹೊಣೆ.

ಕೆಲಸವು ಅಸಾಧ್ಯವಾದುದಲ್ಲ. ಉತಾರದ ಬೆನ್ನಿನಲ್ಲಿ ಅದರ ತಾತ್ಪರ್ಯವು ನಾಲ್ಕು ತಿಳಿವಾಕ್ಯಗಳಲ್ಲಿ ಅಚ್ಚಾಗಬಹುದು: ಈ ಹೊಲವು ಇಂತಹವನದು, ಇಂತಹ ವರ್ಷದಲ್ಲಿ ಇಂತಹವನಿಂದ ಬಂದುದು, ಇದರ ಮೇಲೆ ಇಷ್ಟು ಬೋಜಾ ಇದೆ, ಅಥವಾ ಇಲ್ಲ, ತಪ್ಪಿದ್ದರೆ ಇಲ್ಲಿ ಹೇಳಬೇಕು. ಖಾನಾಪುರದಂತಹ ತಾಲೂಕಿನಲ್ಲಿ ಆ ವಾಕ್ಯಗಳ ಕೆಳಗೆ ಅವೇ ಮಾತುಗಳು ಮರಾಠಿಯಲ್ಲಿಯೂ ಇದ್ದರೆ ಕನ್ನಡಕ್ಕೆ ಕುಂದೇನೂ ಬಾರದು. ನೆರೆಯವನಿಗೆ ಅವನ ಹೊಲದ ಲೆಕ್ಕವನ್ನು ತಿಳಿಯಹೇಳಿದ ಭಾಷೆಯನ್ನು ಅವನು ದ್ವೇಷಿಸಲು ಕಾರಣವೇ ಉಳಿಯುವುದಿಲ್ಲ. ಗಡಿಯ ವಾದದಲ್ಲಿ ಎಷ್ಟೋ ಕಾಲವನ್ನು ಕಳೆದಿರುವ ಜಿಲ್ಲೆಗೆ ಇದು ಸಣ್ಣ ಮಾತಲ್ಲ.

ಮೋಡಿ ಎಂಬ ಶಬ್ದಕ್ಕೆ ಕನ್ನಡದಲ್ಲಿ ಎರಡು ಅರ್ಥಗಳುಂಟು: ಹಳೆಯ ದಫ್ತರಗಳ ಲಿಪಿ ಒಂದು, ಕಣ್ಕಟ್ಟಿನ ವಿದ್ಯೆ ಇನ್ನೊಂದು. ಸ್ವಂತ ಹೊಲದವನಿಗೇ ಓದಲು ಬಾರದ ದಾಖಲೆಯು, ಎಷ್ಟು ಅಂದವಾದ ಕನ್ನಡ ಅಕ್ಷರಗಳಲ್ಲಿ ಅಚ್ಚಾಗಿದ್ದರೂ, ಎರಡು ಅರ್ಥಗಳಲ್ಲಿಯೂ ಮೋಡಿಯೇ. ರಾಜಾದಿತ್ಯನು ಗಣಿತಕ್ಕೆ ಮಾಡಿದುದನ್ನು ಉತಾರಕ್ಕೆ ಮಾಡುವವರು ಬರಬೇಕಾಗಿದೆ. ಸಾಹಿತ್ಯ ಸಂಘಗಳು ಕಾವ್ಯಕ್ಕೆ ಅರ್ಥಕೋಶಗಳನ್ನು ಸಿದ್ಧಪಡಿಸಿರುವುದುಂಟು. ಉತಾರದ 16 ಕಲಮುಗಳಿಗೆ ಅಂತಹುದೊಂದನ್ನು ಸಿದ್ಧಪಡಿಸಿ ತಾಲೂಕು ಕಚೇರಿಯ ಕಿಂಡಿಯ ಪಕ್ಕದಲ್ಲಿ ತೂಗಹಾಕಿದರೆ, ಅದೂ ಸಾಹಿತ್ಯಸೇವೆಯೆಂದೇ ಎಣಿಕೆಗೆ ಬರುವುದು.